ಹಲಗೆಯೊಳಗಿನ ಸಿಹಿನೀರು

ಹೊಲಕ್ಕೆ ನೀರು ಕೂಡಿಡುವ ಹೊಂಡದ, ಶೇತತಳೆಯ, ಮೂಲೆಯಲ್ಲಿದ್ದ ಕಬ್ಬಿಣದ ಪೈಪಿಗೆ ಸರ್ಫ್‌ಬೋರ್ಡು 'ಟಕ್' ಎಂದು ಬಡಿದಾಗ ಅಮೋಘಸಿದ್ಧ ಎದೆಮಟ್ಟದ ನೀರಿನಲ್ಲಿ ದಂಡೆಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದ. ಅರೆಗಳಿಗೆಯ ಹಿಂದೆ ಅದರ ಮೇಲೆ ಮೊಣಕಾಲೂರಿ ಕುಳಿತಿದ್ದವನು ಅವನೇ. ಎದ್ದು ನಿಲ್ಲಲು ಹೋದ. ಬೋರ್ಡು ಕಾಲ ಕೆಳಗಿಂದ ಜಾರಿ ಚಿಮ್ಮಿತು, ಅವನು ಮಗುಚಿ ಬಿದ್ದ. ಹತ್ತಿರ ಎಳೆದು ನೋಡಿದರೆ ಅಂಚಿನಲ್ಲಿ ಎರಡು ಬೆರಳುದ್ದದ ಬಿರುಕು, ಮೊಟ್ಟೆಯ ಸಿಪ್ಪೆ ಒಡೆದ ಹಾಗೆ. ಅರವತ್ತು ದಾಟಿದವನು ಅದನ್ನು ಅಂಗೈಯಿಂದ ಮುಚ್ಚಿ ಹಿಡಿದ.

ಬೋರ್ಡು ಮಗಳು ಯೋಗಿತಾಳದು. ಅವಳು ಎರಡು ವರ್ಷದಿಂದ ಮಾಲವಣದ ಕಡಲದಂಡೆಯಲ್ಲಿ ಮಕ್ಕಳಿಗೆ ಅಲೆಯ ಮೇಲೆ ತೇಲುವುದನ್ನು ಕಲಿಸುತ್ತಿದ್ದಳು. ರಜೆಗೆಂದು ತನ್ನೂರು ದಾಳಿಂಬಕ್ಕೆ ಬರುವಾಗ, ಮನೆಯವರೂ ನೋಡಲಿ ಅಂತ, ಅಷ್ಟುದ್ದದ್ದನ್ನು ಬಸ್ಸಿನಿಂದ ಬಸ್ಸಿಗೆ ಹೊತ್ತು ತಂದಿದ್ದಳು. ಅಪ್ಪ ಮುಟ್ಟಿಯೂ ನೋಡಿರಲಿಲ್ಲ. "ಕುರಿ ಕಾಯೋರ ಮಗಳು ಹಲಗಿ ಹೊತ್ಕೊಂಡ್ ತಿರಗ್ತಾಳ ಅಂದ್ರ ಮಂದಿ ಏನಂತಾರ" ಎಂದಷ್ಟೇ ಅಂದಿದ್ದ. ಆಮೇಲೆ ಯೋಗಿತಾ ಸಮುದ್ರದ ಮಾತೇ ಎತ್ತಿರಲಿಲ್ಲ. ಈ ಬೆಳಿಗ್ಗೆ ಅವಳು ತಾಯಿಯ ಜೊತೆ ಉಮರಗಾದ ಸಂತೆಗೆ ಹೋದದ್ದೇ ತಡ, ಅವನು ಅದನ್ನು ತಲೆಯ ಮೇಲಿಟ್ಟುಕೊಂಡು ಹೊಲಕ್ಕೆ ನಡೆದಿದ್ದ.

ಮನೆಗೆ ತಂದು ಧೋತರದ ಸೆರಗಿನಿಂದ ಒರೆಸಿದ. ಪಂಪಿನ ಪೈಪು ಸೋರಿದಾಗ ಹಚ್ಚುವ ಎಂ-ಸೀಲ್ ಗೂಡಿನಲ್ಲಿತ್ತು. ಅದನ್ನು ನಾದುತ್ತ ಕುಳಿತಿರುವಾಗಲೇ ಬಾಗಿಲಲ್ಲಿ ಆಟೋ ನಿಂತಿತು.

"ಅಪ್ಪಾ, ಏನ್ ಮಾಡ್ಲಕತ್ತಿ?"

"ಟಗರು ಹಾಯ್ತವ್ವಾ. ಬಿಚ್ಕೊಂಡು ಬಂದಿತ್ತು."

ಯೋಗಿತಾ ಕೈಚೀಲ ಅಲ್ಲೇ ಬಿಟ್ಟು ಓಡಿ ಬಂದಳು. ಅದು ಅವಳದೇ ಅನ್ನಿಸಿಕೊಂಡ ಮೊದಲ ಬೋರ್ಡು. ಎತ್ತಿ ವಾರೆ ಮಾಡಿದಾಗ ಬಿರುಕಿನಿಂದ ಒಂದು ಹನಿ ಇಳಿಯಿತು. ಅದನ್ನು ಬೆರಳ ತುದಿಯಲ್ಲಿ ಹಿಡಿದು ನಾಲಿಗೆಗೆ ಇಟ್ಟುಕೊಂಡಳು. ಆಮೇಲೆ ಅಪ್ಪನ ಒದ್ದೆ ತಲೆಯನ್ನು ನೋಡಿದಳು.

"ಉಪ್ಪಿಲ್ಲ, ಸಿಹಿನೀರದ. ಟಗರು ಶೇತತಳ್ಯಾಗ ಈಸ್ಲಾಕ ಇಳದಿತ್ತೇನಪ್ಪಾ?"

ಅವನ ಅಂಗೈಯಲ್ಲಿದ್ದ ಉಂಡೆ ಗಟ್ಟಿಯಾಗುತ್ತಿತ್ತು. ತಲೆ ಎತ್ತದೆ ಹೇಳಿದ: "ನೀ ಅಲ್ಲಿ ದಿನಾ ಹೆಂಗಿರ್ತಿ ಅಂತ ನೋಡಬೇಕನಸ್ತು. ಕೇಳ್ಲಾಕ ನಾಚಿಕಿ ಬಂತು."

ಯೋಗಿತಾ ಬಯ್ಯಲು ಬಾಯಿ ತೆರೆದವಳು ಹಾಗೇ ಅವನ ಪಕ್ಕ ಕುಳಿತಳು. ಅವನ ಕೈಯಿಂದ ಉಂಡೆ ತೆಗೆದುಕೊಂಡಳು. "ಇದು ಬ್ಯಾಡ. ಒಳಗ ನೀರಿದ್ದಾಗ ಮುಚ್ಚಿದ್ರ ಕೆಡ್ತದ. ಮೊದಲ ಒಣಗಬೇಕು."

"ಕುರಿ ಗಾಯಾನೂ ಹಂಗೇ. ಹಸಿ ಇದ್ದಾಗ ಕಟ್ಟಿದ್ರ ಹುಳ ಬೀಳ್ತಾವ," ಎಂದ ಅಮೋಘಸಿದ್ಧ. ಬಿರುಕು ಕೆಳಗಾಗುವಂತೆ ಬೋರ್ಡನ್ನು ಬೇವಿನ ನೆರಳಿಗೆ ಅವನೇ ಒರಗಿಸಿದ. ಅದು ಒಣಗಲು ಮರುದಿನದವರೆಗೆ ಹಿಡಿಯಿತು. ಅಷ್ಟರಲ್ಲಿ ಅವನು ಹತ್ತು ಸಲ ಹೋಗಿ ಬೆರಳಿಟ್ಟು ನೋಡಿದ್ದ.

ರಿಪೇರಿಯ ಸಾಮಾನು ಯೋಗಿತಾಳ ಚೀಲದಲ್ಲಿತ್ತು: ಒಂದು ಬಾಟಲಿಯಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ, ಒಂದು ತುಂಡು ಗಾಜಿನ ನೂಲಿನ ಬಟ್ಟೆ. ಮಾಲವಣದ ಜೊತೆಯವರು ಕಟ್ಟಿ ಕಳಿಸಿದ್ದು. ಅವಳು ಒಮ್ಮೆಯೂ ಬಿಚ್ಚಿರಲಿಲ್ಲ. ಅಲ್ಲಿ ಈ ಕೆಲಸಕ್ಕೆ ಬೇರೆಯವರಿದ್ದರು. ಫೋನಿನಲ್ಲಿ ವೀಡಿಯೊ ನೋಡಿಕೊಂಡು ಪಾಲಿಶ್ ಪೇಪರಿನಿಂದ ಬಿರುಕಿನ ಸುತ್ತ ತಿಕ್ಕಿದಳು. ಆಮೇಲೆ ಅವಸರದಲ್ಲಿ, ಕಣ್ಣಳತೆಯಲ್ಲೇ, ಎರಡೂ ಬಾಟಲಿಗಳನ್ನು ಬಟ್ಟಲಿಗೆ ಬಗ್ಗಿಸಿ ಕಲಸಿದಳು. ಬಟ್ಟಲು ಬಿಸಿಯಾಯಿತು, ಹೊಗೆ ಎದ್ದಿತು. ನೋಡನೋಡುತ್ತಿದ್ದಂತೆ ಒಳಗಿನದೆಲ್ಲ ಕಲ್ಲಾಯಿತು.

"ನನ್ನ ಕೈಲಿ ಆಗಲ್ಲಪ್ಪಾ," ಅಂದಳು. "ಅರ್ಧ ಹಾಳಾತು."

ಅಮೋಘಸಿದ್ಧ ಒಳಗೆ ಹೋಗಿ, ಕುರಿಮರಿಗಳಿಗೆ ಔಷಧ ಕುಡಿಸಲು ತಂದಿಟ್ಟ ಎರಡು ಹೊಸ ಸಿರಿಂಜು ಹಿಡಿದು ಬಂದ. "ಎಷ್ಟಕ್ಕ ಎಷ್ಟು?"

"ಎರಡಕ್ಕ ಒಂದು."

ಒದೆಯುವ ಮರಿಗಳ ಬಾಯಿಗೆ ನಲವತ್ತು ವರ್ಷ ಅಳೆದು ಹಾಕಿದ ಕೈ. ಒಂದು ಹನಿ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಅವನು ಸಾವಕಾಶ ಕಲಸಿದ, ಅವಳು ಬಿರುಕು ತುಂಬಿದಳು. ಮೇಲೆ ಬಟ್ಟೆ ಹಾಸಿ ಮತ್ತೆ ಅಂಟು ಸವರಿದಳು. ಗಾಳಿಗುಳ್ಳೆ ಹುಡುಕುತ್ತ ಇಬ್ಬರ ತಲೆಗಳೂ ತಾಗಿದವು.

"ಇಲ್ಲೊಂದದ ನೋಡು, ಒತ್ತು."

"ಒತ್ತೀನಿ. ನೀ ಉಸರ ಬಿಡಪಾ ಮೊದ್ಲ."

ಆಗ ಅಮೋಘಸಿದ್ಧನಿಗೆ ತಾನು ಉಸಿರು ಹಿಡಿದಿರುವುದು ತಿಳಿಯಿತು.

ಸಂಜೆಗೆ ತೇಪೆ ಕೈಗೆ ಅಂಟದಷ್ಟು ಒಣಗಿತು. ಆದರೆ ಪೂರಾ ಗಟ್ಟಿಯಾಗಲು ಇನ್ನೆರಡು ದಿನ ಬೇಕಿತ್ತು. ಯೋಗಿತಾಳ ಬಸ್ಸು ಆ ಸಂಜೆಯೇ ಇತ್ತು. ಆಟೋ ಹತ್ತುವ ಮೊದಲು ಅವಳು ಬೇವಿನ ಕಡೆ ನೋಡಿದಳು. "ನೆರಳಿನ್ಯಾಗ ಇರ್ಲಿ. ಆಮ್ಯಾಲ..." ಎಂದು ತಡೆದಳು. "ನೀನೇ ತಗೊಂಡು ಬರ್ತಿ?"

ಅವನು ಅವಳ ಚೀಲ ಒಳಗಿಟ್ಟು, ಆಟೋ ತಿರುವು ದಾಟುವವರೆಗೆ ನಿಂತಿದ್ದ.

ಮೂರನೆಯ ದಿನ ಉಮರಗಾದ ಬಸ್‌ಸ್ಟ್ಯಾಂಡಿನಲ್ಲಿ, ಒಗೆದ ಧೋತರ, ಹೊಸ ರುಮಾಲು ಸುತ್ತಿದ ಮುದುಕನೊಬ್ಬ ಕಂಬಳಿಯಲ್ಲಿ ಕಟ್ಟಿದ ಉದ್ದನೆಯ ಸಾಮಾನನ್ನು ಬಸ್ಸಿನೊಳಗೆ ಸರಿಸುತ್ತಿದ್ದ. ಕಂಡಕ್ಟರ್ ಇನ್ನೊಂದು ತುದಿಗೆ ಕೈ ಕೊಟ್ಟು ನಕ್ಕ.

"ಇದೇನ್ ಆಜೋಬಾ, ಮನಿ ಬಾಗಲಾನೇ ಕಿತ್ಕೊಂಡು ಹೊಂಟೀರೇನ್ರೀ?"

"ಸಾವಕಾಶ ಹಿಡೀರಿ," ಎಂದ ಅಮೋಘಸಿದ್ಧ. "ಇದರ ಮ್ಯಾಲ ನನ್ನ ಮಗಳು ನಿಲ್ತಾಳ."