ಹಲಸಿನ ಮೇಲಿನ ನೊಣ

ಹಲಸಿನ ಮೇಲೆ ನೊಣ ಬಂದು ಕೂತ ಕೂಡಲೇ ಚೆನ್ನಯ, "ಹಣ್ಣಾಯ್ತು, ಕತ್ತಿ ಕೊಡು" ಎಂದ.

ಊರಿಂದ ಸ್ಟೀಮರಿನಲ್ಲಿ ಬಂದ ಹಲಸನ್ನು ಮೂಸಿ, ಯಾವತ್ತು ಕೊಯ್ಯಬೇಕೆಂದು ಮುಂಬಯಿಯ ಘಾಟ್ಕೋಪರಿನ ಆ ಚಾಳಿನವರಿಗೆಲ್ಲ ಹೇಳುತ್ತಿದ್ದವನು ಹೋಟೆಲ್ ಅಡುಗೆಯ ಚೆನ್ನಯನೇ. "ಈ ಸಲ ನೊಣವನ್ನು ಕೇಳುದಾ?" ಎಂದಳು ಹೆಂಡತಿ ವಾರಿಜಾ.

"ನೊಣಕ್ಕೆ ಮೀಸೆಯಲ್ಲೇ ಮೂಗು ಮಾರಾಯ್ತಿ. ತಪ್ಪುದಿಲ್ಲ."

"ಮೀಸೆ ನಿಮಗೂ ಉಂಟಲ್ಲ, ಮೂಸಿ ನೋಡಿ."

ಹಣ್ಣಿಗೆ ಒತ್ತಿದ ಮುಖವನ್ನು ಅವನು ಬಹಳ ಹೊತ್ತು ಎತ್ತಲಿಲ್ಲ. "ಹೋದ ತಿಂಗಳ ಜ್ವರದ ನಂತರ ಯಾವ ಪರಿಮಳವೂ ಬರುದಿಲ್ಲ. ಧಣಿಗೆ ಗೊತ್ತಾದ್ರೆ ಕೆಲಸ ಹೋದೀತು."

ತಿಂಗಳಿಡೀ ಮಲ್ಲಿಗೆ ಮುಡಿದರೂ ಗಂಡ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲವೆಂದು ವಾರಿಜಾ ಒಳಗೇ ಮುನಿಸಿಕೊಂಡಿದ್ದಳು. ಈಗ ಮುಡಿಯಿಂದ ಮಾಲೆ ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಇವತ್ತೂ ಮುಡಿದಿದ್ದೆ" ಎಂದಳು.