ನಿಂಬೆಹಣ್ಣಿನ ಅಳತೆ

ಅಜ್ಜಿಯ ತೋರುಬೆರಳು ಪುಟ್ಟ ವಿಮಾನದ ಚಕ್ರದ ಬುಡದಲ್ಲಿ ಏನನ್ನೋ ಹುಡುಕುತ್ತಿತ್ತು.

“ಅಜ್ಜಿ, ಮುಟ್ಟಬಾರ್ದು ಅಂತ ಬೋರ್ಡ್ ಹಾಕಿದಾರೆ!” ರಮ್ಯಾ ಕೈ ಹಿಡಿದೆಳೆದಳು. ಕನಕಪುರದ ಕಾಲೇಜಿನಲ್ಲಿ ಅಂದು ವಸ್ತುಪ್ರದರ್ಶನ. ಪಕ್ಕದ ಮೇಜಿನ ಮೇಲೆ ತಟ್ಟೆಗಳಲ್ಲಿ ರಾಗಿ, ಸಾಮೆ, ನವಣೆ ಇಟ್ಟಿದ್ದು ರಮ್ಯಾಳ ತರಗತಿಯವರು. ವಿಮಾನವೂ ಬಂದಿದೆ ಎಂದು ಫೋನಿನಲ್ಲಿ ಹೇಳಿದ್ದೇ ತಡ, ಅಜ್ಜಿ ವೆಂಕಟಲಕ್ಷ್ಮಮ್ಮ ಮರಳವಾಡಿಯಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದರು.

ವಿಮಾನದ ಒಡೆಯ ಮಧುಕುಮಾರ್, ಚನ್ನಪಟ್ಟಣದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹಿಂದೆ ಬೆಂಗಳೂರಿನ ಸುತ್ತ ನೆಲೆಯಿದ್ದ ಸೇನಾ ವಿಮಾನಗಳನ್ನು, ಗೊಂಬೆ ಮಾಡುವ ಹಾಲೆ ಮರದಲ್ಲೇ ಕೆತ್ತಿ, ಅಳತೆಗೆ ಕೂದಲೆಳೆಯಷ್ಟೂ ತಪ್ಪದಂತೆ ಕಿರಿದು ಮಾಡುತ್ತಾರೆ. ಹಳೆಯ ಫೋಟೊದಲ್ಲಿ ಕಾಣದ ಒಂದು ಮೊಳೆಯನ್ನೂ ಅವರು ಹಾಕಿದವರಲ್ಲ. ಮುಟ್ಟಿದವರ ಮೇಲೆ ರೇಗುವುದು ಅವರ ಸ್ವಭಾವ. ಆದರೆ ಆ ಬೆರಳು ಮುಟ್ಟುತ್ತಿದ್ದ ರೀತಿಗೆ ರೇಗಲಾಗಲಿಲ್ಲ.

“ಏನಮ್ಮ ಹುಡುಕ್ತಿದ್ದೀರಿ?”

“ನಿಂಬೆಹಣ್ಣು, ಮೇಷ್ಟ್ರೇ.”

“ಶುರುವಾಯ್ತು,” ಎಂದಳು ರಮ್ಯಾ. “ಇವರ ಹೊಲದಲ್ಲಿ ವಿಮಾನ ಇಳಿದಿತ್ತಂತೆ ಸರ್. ನಮ್ಮನೇಲಿ ಎಲ್ಲರಿಗೂ ಬಾಯಿಪಾಠ, ನಂಬಿದೋರು ಮಾತ್ರ ಯಾರೂ ಇಲ್ಲ.”

“ನೀನು ನಂಬದಿದ್ರೆ ಕತ್ತೆ ಬಾಲ. ಸುಮ್ಕಿರು,” ಎಂದರು ಅಜ್ಜಿ. “ಚೀನಾ ಯುದ್ಧದ ಹಿಂದಿನ ವರ್ಷ, ಮೇಷ್ಟ್ರೇ. ನಂಗೆ ಏಳು ತುಂಬಿತ್ತು. ಇಂಥದ್ದೇ ವಿಮಾನ. ಇಂಜಿನ್ ಕೆಟ್ಟು ನಮ್ಮ ರಾಗಿ ಹೊಲಕ್ಕೆ ಇಳಿದ್ಬುಡ್ತು. ರಿಪೇರಿಯೋರು ನನ್ನ ಎತ್ತಿ ರೆಕ್ಕೆ ಮೇಲೆ ನಿಲ್ಸಿದ್ರು. ಕರೀ ಪಟ್ಟಿ ಐತಲ್ಲ, ಅದರ ಮೇಲೇ ಕಾಲಿಡು, ಬ್ಯಾರೆ ಕಡೆ ತುಳೀಬ್ಯಾಡ ಅಂದ್ರು.”

ಮಧುಕುಮಾರ್ ವಿಮಾನವನ್ನು ನೋಡಿದರು. ಕರಿ ಪಟ್ಟಿ ಗೋಡೆಯ ಕಡೆಯ ರೆಕ್ಕೆಯ ಮೇಲಿತ್ತು. ಅಜ್ಜಿ ನಿಂತಲ್ಲಿಗೆ ಅದು ಕಾಣುವಂತಿರಲಿಲ್ಲ. ಅವರು ತಮ್ಮ ಕುರ್ಚಿಯನ್ನು ಅಜ್ಜಿಯ ಕಡೆಗೆ ಸರಿಸಿದರು.

“ಕೂತ್ಕೊಂಡು ಹೇಳಿ.”

“ಮೂರನೇ ದಿನಕ್ಕೆ ರಿಪೇರಿ ಆಯ್ತು. ಅದು ಓಡಕ್ಕೆ ಜಾಗ ಬೇಕಲ್ಲ? ನಮ್ಮಪ್ಪ, ಪಕ್ಕದ ಹೊಲದೋರು, ಎಲ್ಲಾ ಸೇರ್ಕಂಡು ನಿಂತಿದ್ದ ಪೈರು ಕಿತ್ತು, ಬದು ಒಡೆದು, ನೆಲ ಸಮ ಮಾಡಿಕೊಟ್ರು. ಇನ್ನೇನು ಹೊರಡ್ಬೇಕು, ಮುಂದ್ಗಡೆ ಫ್ಯಾನೂ ತಿರುಗ್ತಾ ಐತೆ, ಆಗ ಅವ್ವಂಗೆ ನೆಪ್ಪಾಯ್ತು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿಲ್ಲ ಅಂತ. ಎರಡು ಹಣ್ಣು ಕೊಟ್ಟು ಓಡೇ ಅಂದ್ಳು. ಓಡ್ದೆ. ಮುಂದ್ಗಡೆ ಇಡಕ್ಕೆ ಹೋದ್ರೆ ಒಳಗಿದ್ದ ಸಾಯೇಬ್ರು ಕೈ ಬೀಸಿ ಬೀಸಿ ಕೂಗಿದ್ರು. ಭಾಷೆ ತಿಳೀಲಿಲ್ಲ. ಹೆದ್ರಿ ಚಕ್ರದ ಹಿಂದ್ಗಡೆ ಇಟ್ಟು ಓಡ್ಬಂದ್ಬುಟ್ಟೆ. ಅದು ಹೊಂಟೋಯ್ತು. ಎರಡು ಹಣ್ಣೂ ಹಂಗೇ ಬಿದ್ದಿದ್ವು. ಒಂದೂ ಒಡೆದಿರಲಿಲ್ಲ.”

ಅಜ್ಜಿಯ ಬೆರಳು ಮತ್ತೆ ಚಕ್ರದ ಬುಡಕ್ಕೆ ಹೋಯಿತು.

“ಅವ್ವ ಬೈಲಿಲ್ಲ. ಹಣ್ಣು ಎತ್ಕಂಡು ಸೆರಗಿಗೆ ಕಟ್ಕಂಡ್ಳು, ಅಷ್ಟೆ. ಅವತ್ತಿಂದ ಒಂದೇ ಯೋಚ್ನೆ ನಂಗೆ. ನೀವು ಈ ವಿಮಾನದ್ದೆಲ್ಲಾ ಓದಿರೋರು. ಆ ಸಾಯೇಬ್ರು ಕ್ಷೇಮವಾಗಿ ಸೇರ್ಕಂಡ್ರಾ?”

ರಮ್ಯಾ ಮೇಷ್ಟ್ರ ಮುಖ ನೋಡಿದಳು. ಹೂಂ ಅಂದುಬಿಡಿ ಸರ್ ಎಂದು ಅವಳ ಕಣ್ಣು ಬೇಡುತ್ತಿತ್ತು. ಅಜ್ಜಿಯ ಕಥೆಯಲ್ಲಿ ಈ ಕೊನೆಯ ಭಾಗವನ್ನು ಅವಳೂ ಕೇಳಿದ್ದು ಇದೇ ಮೊದಲು.

“ಗೊತ್ತಿಲ್ಲಮ್ಮ,” ಎಂದರು ಮಧುಕುಮಾರ್. “ನನ್ನ ಹತ್ತಿರ ಇರೋ ಕಾಗದಗಳಲ್ಲಿ ಅದು ಇಲ್ಲ.”

ಅಜ್ಜಿ ತಲೆಯಾಡಿಸಿದರು. ಎದ್ದು ಹೊರಡಲು ಚೀಲಕ್ಕೆ ಕೈ ಹಾಕಿದರು. ಮಧುಕುಮಾರ್ ಮಾತ್ರ ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದು, ಮುಂದಿನ ಫ್ಯಾನಿಗೂ ಚಕ್ರಕ್ಕೂ ನಡುವೆ ಹಿಡಿದಿದ್ದರು.

“ಒಂದು ನಿಮಿಷ ಅಮ್ಮ, ಇಲ್ಲಿ ನೋಡಿ. ಇಲ್ಲಿಂದ ಇಲ್ಲಿಗೆ ಒಂದೂವರೆ ಅಂಗುಲ. ನಾನು ಮಾಡಿರೋದು ಮೂವತ್ತೆರಡಕ್ಕೆ ಒಂದು. ಅಂದ್ರೆ ನಿಜವಾದ ವಿಮಾನದಲ್ಲಿ ಬರೀ ನಾಲ್ಕಡಿ. ಫ್ಯಾನು ಜೋರಾಗಿ ತಿರುಗುವಾಗ ಅದು ಕಣ್ಣಿಗೇ ಕಾಣೋದಿಲ್ಲ. ಏಳು ವರ್ಷದ ಮಗು ಚಕ್ರದ ಮುಂದೆ ಬಗ್ಗಿ ಹಣ್ಣಿಟ್ಟು, ಎದ್ದು ಒಂದು ಹೆಜ್ಜೆ ಆ ಕಡೆ ಹಾಕಿದ್ದಿದ್ರೆ...”

ರಮ್ಯಾ ಅಜ್ಜಿಯ ಭುಜ ಹಿಡಿದುಕೊಂಡಳು.

“ಹಂಗಾದ್ರೆ ಅವ್ರು ಬೈದಿದ್ದಲ್ವಾ?” ಎಂದರು ಅಜ್ಜಿ.

“ಅಲ್ಲಮ್ಮ. ಹಿಂದಕ್ಕೆ ಹೋಗು ಅಂದ್ರು. ನೀವು ದೂರ ಹೋಗೋವರೆಗೂ ಕಾದ್ರಾ, ಇಲ್ವಾ?”

ಅಜ್ಜಿ ಕಣ್ಣು ಕಿರಿದು ಮಾಡಿ ಎಲ್ಲೋ ನೋಡಿದರು. “ಕಾದ್ರು. ನಾನು ಅವ್ವನ ಸೀರೆ ಹಿಡ್ಕಂಡ ಮ್ಯಾಲೇ ಹೊಂಟಿದ್ದು.”

ಪಕ್ಕದ ತಟ್ಟೆಯಿಂದ ಮಧುಕುಮಾರ್ ಎರಡು ರಾಗಿಕಾಳು ತೆಗೆದರು. “ಈ ಅಳತೆಗೆ ನಿಂಬೆಹಣ್ಣು ಅಂದ್ರೆ ಇಷ್ಟೇ,” ಎಂದು ಚಿಮುಟದ ತುದಿಯಲ್ಲಿ ಹಿಡಿದು, ಚೂರೇ ಅಂಟು ಸವರಿ, ಎರಡು ಚಕ್ರಗಳ ಮುಂದೂ ಒಂದೊಂದು ಕಾಳು ಕೂರಿಸಿದರು. “ಈಗ ಸರಿಯಾಯ್ತಲ್ಲ?”

ಅಜ್ಜಿ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ, ಅಂಟು ಒಣಗುವ ಮೊದಲೇ, ಉಗುರಿನ ತುದಿಯಿಂದ ಮೆಲ್ಲಗೆ ಒಂದು ಕಾಳನ್ನು ಸರಿಸಿ ಚಕ್ರದ ಹಿಂದೆ ತಂದರು. ಇನ್ನೊಂದನ್ನೂ ತಂದರು.

“ಅವ್ರು ಕೈ ತೋರ್ಸಿದ್ದು ಇಲ್ಲಿಗೆ, ಮೇಷ್ಟ್ರೇ.”