ಬಣ್ಣದ ಲೈಟು, ಸದ್ದಿಲ್ಲದ ಫ್ಯಾನು

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಾತು ಕೊಟ್ಟಿದ್ದೆ...

"ಪಿಯುಸಿ ಪಾಸಾಗು, ಕಂಪ್ಯೂಟರ್ ಕೊಡಿಸ್ತೀನಿ. ಒಂದೊಂದು ಪಾರ್ಟೂ ನೀನೇ ಆರಿಸು. ನಾನು ಮಧ್ಯೆ ಬಾಯಿ ಹಾಕಲ್ಲ."

ಆಗ ನನ್ನ ಕಾಲಿಗೆ ಪ್ಲಾಸ್ಟರ್. ಬೆಳಗಿನ ಜಾವ ಹಾಲಿನ ವ್ಯಾನ್ ಓಡಿಸುವಾಗ ಒಂದು ಗಳಿಗೆ ಕಣ್ಣು ಮುಚ್ಚಿ, ಗಾಡಿ ಮೋರಿಗೆ ಗುದ್ದಿತ್ತು.

ನನ್ನ ಬೇಜಾರು ಕಳೆಯಲಿ ಅಂತ ಮಗಳು ಲಿಖಿತಾ ಒಡೆದ ಫೋನಿನಲ್ಲೇ ವಿಡಿಯೋ ಎಡಿಟ್ ಮಾಡಿ ತೋರಿಸೋಳು. ಫೋನ್ ಹತ್ತು ಸಲ ಹ್ಯಾಂಗ್ ಆಗೋದು... ಅವಳು ಹನ್ನೊಂದನೇ ಸಲ ಶುರು ಮಾಡೋಳು.

ಈ ವರ್ಷ ಪಾಸಾದಳು. ವಿಡಿಯೋ ಕೋರ್ಸಿಗೆ ಸೇರಬೇಕಾದರೆ ತಾನೇ ಎಡಿಟ್ ಮಾಡಿದ ಐದು ನಿಮಿಷದ ಚಿತ್ರ ಕಳಿಸಬೇಕಿತ್ತು. ಜೊತೆಗೆ ಗೇಮ್ ಹುಚ್ಚು ಬೇರೆ.

ಒಂದು ತಿಂಗಳು ಕೂತು ಪಾರ್ಟುಗಳ ಲಿಸ್ಟ್ ಬರೆದಳು. ತುಮಕೂರಿನ ಅಂಗಡಿಗೆ ಹೋದೆವು.

ಅಂಗಡಿಯವರು ಲಿಸ್ಟ್ ನೋಡಿ, ಹುಡುಗಿ ಚೆನ್ನಾಗಿ ತಿಳ್ಕೊಂಡಿದ್ದಾಳೆ ಅಂದರು. ಆದರೆ ಒಂದು ಅನುಮಾನ ಅವರಿಗೆ... ಗೇಮ್ ಆಡೋಳು ಗ್ರಾಫಿಕ್ಸ್ ಕಾರ್ಡ್ ಯಾಕೆ ಕಮ್ಮಿ ಹಾಕ್ಕೊಂಡಿದ್ದಾಳೆ? ಪ್ರೊಸೆಸರ್ ತಣ್ಣಗಿಡೋಕೆ ಬೇರೆ ದುಬಾರಿ ಕೂಲರ್ ಫ್ಯಾನ್ ಯಾಕೆ? ಪ್ರೊಸೆಸರ್ ಜೊತೆಗೇ ಒಂದು ಫ್ಯಾನ್ ಬರುತ್ತಲ್ಲ?

ಅವಳು ಆರಿಸಿದ ಕ್ಯಾಬಿನೆಟ್ಟೋ... ಬರೀ ಕಪ್ಪು ಡಬ್ಬ.

ನನ್ನ ಕಣ್ಣು ಪಕ್ಕದ ಗಾಜಿನ ಕ್ಯಾಬಿನೆಟ್ ಮೇಲೆ. ಒಳಗೆ ಕೆಂಪು, ನೀಲಿ, ಹಸಿರು ಲೈಟು. ಆಯುಧಪೂಜೆ ದಿನದ ನನ್ನ ವ್ಯಾನಿನ ಹಾಗೇ!

"ಅಪ್ಪ, ಆ ಕೂಲರ್..." ಅಂದಳು.

"ಇಪ್ಪತ್ತು ವರ್ಷ ಗಾಡಿ ಓಡಿಸಿದೀನಿ ಕಣಮ್ಮ. ಲೈಟಿದ್ರೇನೇ ಲಕ್ಷಣ" ಅಂದೆ. ಕೂಲರ್ ಬಿಡಿಸಿ, ಲೈಟಿನ ಕ್ಯಾಬಿನೆಟ್ ಹಾಕಿಸಿದೆ. ಮಗಳು ಖುಷಿ ಪಡಲಿ ಅಂತಲೇ ಮಾಡಿದ್ದು...

ಅವಳು ಲಿಸ್ಟ್ ಮಡಚಿ ಬ್ಯಾಗಿಗೆ ಹಾಕ್ಕೊಂಡಳು.

ನಮ್ಮದು ಒಂದೇ ರೂಮಿನ ಮನೆ. ನಾನು ರಾತ್ರಿ ಎಂಟಕ್ಕೆ ಮಲಗಿ ಎರಡೂವರೆಗೆ ಏಳೋನು. ಅವಳು ಬೆಳಿಗ್ಗೆ ಅಡುಗೆ ಮುಗಿಸಿ ಮೊಬೈಲ್ ಅಂಗಡಿ ಕೆಲಸಕ್ಕೆ ಹೋದ್ರೆ ಬರೋದೇ ರಾತ್ರಿ ಏಳಕ್ಕೆ.

ದಿನಾ ನೋಡ್ತೀನಿ, ಕಂಪ್ಯೂಟರ್ ಮೇಲೆ ಬಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಕೊಡಿಸೋವರೆಗೂ ಜೀವ ತಿಂದೆ, ಈಗ ಪೂಜೆಗೆ ಇಟ್ಟಿದ್ದೀಯಾ ಅಂತ ಅಣಕಿಸಿದೆ. ಸುಮ್ಮನೆ ನಕ್ಕಳು.

ಕಳೆದ ಭಾನುವಾರ ನನಗೆ ರಜೆ. ಮಧ್ಯಾಹ್ನ ಆನ್ ಮಾಡಿ ಎಡಿಟಿಂಗಿಗೆ ಕೂತಳು. ಹತ್ತೇ ನಿಮಿಷ... ಲೋಡ್ ಹೊತ್ತ ಗಾಡಿ ಸೆಕೆಂಡ್ ಗೇರಿನಲ್ಲಿ ಏರು ಹತ್ತಿದ ಹಾಗೆ ಸದ್ದು!

"ಏನಮ್ಮ ಇದು, ಇಷ್ಟು ಕೂಗುತ್ತೆ?"

"ಅದಕ್ಕೇ ಅಪ್ಪ ಆ ಕೂಲರ್ ಬರೆದಿದ್ದೆ. ಅದು ಸದ್ದು ಮಾಡಲ್ಲ. ಅದಕ್ಕೆ ದುಡ್ಡು ಉಳೀಲಿ, ಗೇಮ್ ಸ್ವಲ್ಪ ನಿಧಾನ ಆದ್ರೂ ಪರವಾಗಿಲ್ಲ ಅಂತ ಕಾರ್ಡ್ ಕಮ್ಮಿದು ಹಾಕಿದ್ದೆ..."

"ಯಾರಿಗೋಸ್ಕರ?"

"ನೀನು ಪಕ್ಕದಲ್ಲೇ ಮಲಗ್ತೀಯಲ್ಲ. ಬೆಳಿಗ್ಗೆ ಸ್ಟೇರಿಂಗ್ ಹಿಡೀಬೇಕಲ್ಲಪ್ಪ."

ಪ್ಲಾಸ್ಟರ್ ಹಾಕಿದ್ದ ಕಾಲನ್ನು ನಾನು ಮರೆತಿದ್ದೆ... ಅವಳು ಮರೆತಿರಲಿಲ್ಲ.

ಚಿತ್ರ ಕಳಿಸೋಕೆ ಇನ್ನೆಷ್ಟು ದಿನ ಇದೆ ಅಂತ ಕೇಳಿದೆ.

"ಶುಕ್ರವಾರವೇ ಮುಗೀತಪ್ಪ."

ಮುಖ ತೊಳೆಯೋ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತೆ.

ಮಾರನೇ ದಿನವೇ ಆ ಕೂಲರ್ ತಂದೆ, ಕಪ್ಪು ಡಬ್ಬನೂ ತಂದೆ. ಈಗ ಮನೆಯಲ್ಲಿ ಸದ್ದಿಲ್ಲ. ಅವಳು ನನ್ನ ಬೆನ್ನ ಹಿಂದೆ ಕೂತು ಎಡಿಟ್ ಮಾಡ್ತಿದ್ದಾಳೆ, ಬರೋ ವರ್ಷಕ್ಕಂತೆ. ನನಗೇ ನಿದ್ದೆ ಬರ್ತಿಲ್ಲ, ಇದನ್ನು ಬರೀತಾ ಇದ್ದೀನಿ...

*ಮಕ್ಕಳ ಲಿಸ್ಟಿನಿಂದ ಏನನ್ನಾದರೂ ಹೊಡೆದು ಹಾಕುವ ಮುನ್ನ, ಅದನ್ನು ಯಾಕೆ ಬರೆದರು ಅಂತ ಕೇಳಿ.*

ನಿಮ್ಮ ಮಗು ಹೇಳೋಕೆ ಬಂದು, ನೀವು ಅರ್ಧದಲ್ಲೇ ತಡೆದ ಮಾತು ಯಾವುದು?

ನಾನು ಮಧ್ಯೆ ಬಾಯಿ ಹಾಕಲ್ಲ ಅಂದಿದ್ದೆ. ಹಾಕಿದೆ.